ಪಿಟೀಲಿಗೆ ಯಾವ ಕ್ಲಿಪ್ ಮೈಕ್? ಮುಂಬಯಿಯ ವೇದಿಕೆಗಳಿಂದ ಒಂದು ಹೋಲಿಕೆ

ಈ ಸಲ ಗಣೇಶೋತ್ಸವಕ್ಕೆ ಇನ್ನೂ ತಿಂಗಳಿರುವಾಗಲೇ ಮೂವರು ಒಂದೇ ಪ್ರಶ್ನೆ ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಒಬ್ಬಳು ಡೊಂಬಿವಲಿಯ ಭಜನಾ ಮಂಡಳಿಯಲ್ಲಿ ದಾಸರ ಪದಗಳಿಗೆ ನುಡಿಸುವ ಕಾಲೇಜು ಹುಡುಗಿ. ಇನ್ನೊಬ್ಬರು ಹಗಲು ಬ್ಯಾಂಕಿನ ಕೆಲಸ, ಸಂಜೆ ಮಾಟುಂಗ ಮತ್ತು ಚೆಂಬೂರಿನ ಕಛೇರಿಗಳಲ್ಲಿ ಪಕ್ಕವಾದ್ಯ ಎಂದು ಓಡಾಡುವ ಗೆಳೆಯರು. ಮೂರನೆಯವನು ಮದುವೆಯ ಆರತಕ್ಷತೆಗಳಲ್ಲಿ ಕೀಬೋರ್ಡ್ ಮತ್ತು ಡ್ರಮ್ಸ್‌ಗಳ ನಡುವೆ ನಿಂತು ಹಳೆಯ ಚಿತ್ರಗೀತೆಗಳನ್ನು ನುಡಿಸುವ ಥಾಣೆಯ ಯುವಕ. ಮೂವರಿಗೂ ಬೇಕಾದದ್ದು ಪಿಟೀಲಿಗೆ ಕಚ್ಚಿಸುವ ಒಂದು ಮೈಕ್. ಅಂಗಡಿಯಲ್ಲಿ ಎಂಟುನೂರು ರೂಪಾಯಿಯದೂ ಇದೆ, ಅರ್ಧ ಲಕ್ಷ ದಾಟಿದ್ದೂ ಇದೆ. ಯಾವುದನ್ನು ಕೊಳ್ಳುವುದು?

ನಾನು ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಅವರ ಜೇಬು ಬೇರೆ ಎಂಬುದಷ್ಟೇ ಅದಕ್ಕೆ ಕಾರಣವಲ್ಲ. ಅವರು ಕೂರುವ ಜಾಗ, ಕೂರುವ ಭಂಗಿ, ಧ್ವನಿ ಹೊಂದಿಸುವ ಮಿಕ್ಸರ್ ಮುಂದೆ ಕುಳಿತವನ ಅನುಭವ, ಇವೆಲ್ಲ ಬೇರೆ ಬೇರೆ. ಮೈಕ್ ತಯಾರಕರ ಚಿತ್ರಗಳಲ್ಲಿ ಪಿಟೀಲು ವಾದಕರು ನಿಂತಿರುತ್ತಾರೆ, ವಾದ್ಯ ಗಲ್ಲದ ಕೆಳಗೆ ನೆಲಕ್ಕೆ ಸಮಾನಾಂತರವಾಗಿರುತ್ತದೆ. ನಾವು ಚಕ್ಕಳಮಕ್ಕಳ ಹಾಕಿ ಕುಳಿತು, ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರಿ, ಬುಡವನ್ನು ಎದೆಗೆ ಆನಿಸಿಕೊಂಡು ನುಡಿಸುತ್ತೇವೆ. ಈ ವ್ಯತ್ಯಾಸವನ್ನು ಮರೆತು ಕೊಂಡ ಮೈಕು ಎಷ್ಟೇ ದುಬಾರಿಯದಾದರೂ ಎರಡನೆಯ ಕೀರ್ತನೆಯ ಹೊತ್ತಿಗೆ ಕಿರಿಕಿರಿಯಾಗುತ್ತದೆ.

ಕ್ಲಿಪ್ ಮೈಕ್ ಏಕೆ ಬೇಕು?

ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಪಿಟೀಲಿನ ಮುಂದೆ ಗಿಡ್ಡ ಸ್ಟ್ಯಾಂಡಿನಲ್ಲಿ ಒಂದು ಮೈಕ್ ನಿಲ್ಲಿಸುತ್ತಾರೆ. ಹೆಚ್ಚಾಗಿ ಅದು ಹಾಡುಗಾರಿಕೆಗೆ ಬಳಸುವ, ಹೊರಗಿನ ವಿದ್ಯುತ್ ಬೇಡದ ಡೈನಮಿಕ್ ಮೈಕ್. ಕಮಾನು ಆಡಲು ಜಾಗ ಬೇಕಾದ್ದರಿಂದ ಅದನ್ನು ತೀರಾ ಹತ್ತಿರ ತರಲಾಗದು. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಇಡಬೇಕಾಗುತ್ತದೆ. ದೂರ ಎರಡು ಪಟ್ಟಾದರೆ ಮೈಕಿಗೆ ತಲುಪುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅದೇ ಮೈಕನ್ನು 30 ಸೆಂಟಿಮೀಟರಿನಿಂದ 6 ಸೆಂಟಿಮೀಟರಿಗೆ ತಂದರೆ ಸುಮಾರು 14 ಡೆಸಿಬೆಲ್ ಲಾಭ. ಧ್ವನಿ ನೋಡಿಕೊಳ್ಳುವವನು ಗುಂಡಿ ತಿರುಗಿಸದೆಯೇ ಸಿಕ್ಕುವ ಲಾಭ ಅದು. ಕ್ಲಿಪ್ ಮೈಕಿನ ಮುಖ್ಯ ಉಪಯೋಗ ಇದೇ. ಇನ್ನೊಂದು ಉಪಯೋಗವೂ ಇದೆ. ಗಾಯಕರ ಕಡೆಗೆ ತಿರುಗಿದಾಗ, ತನಿ ಆವರ್ತನದಲ್ಲಿ ಮೃದಂಗದವರ ಕಡೆ ವಾಲಿದಾಗ, ಸ್ಟ್ಯಾಂಡ್ ಮೈಕ್ ನಮ್ಮನ್ನು ಕಳೆದುಕೊಳ್ಳುತ್ತದೆ. ಕ್ಲಿಪ್ ಮೈಕ್ ವಾದ್ಯದ ಜೊತೆಯಲ್ಲೇ ಚಲಿಸುತ್ತದೆ.

ಮೈಕುಗಳು ಊರೂರಿಗೆ ಬರುವ ಮುನ್ನ ಮೈಸೂರಿನ ಟಿ. ಚೌಡಯ್ಯನವರು ಇದೇ ಸಮಸ್ಯೆಗೆ ವಾದ್ಯದೊಳಗೇ ಪರಿಹಾರ ಹುಡುಕಿದರು. ನಾಲ್ಕು ತಂತಿಗೆ ಇನ್ನೂ ಮೂರನ್ನು ಸೇರಿಸಿದ ಏಳು ತಂತಿಯ ಪಿಟೀಲು ಕೊನೆಯ ಸಾಲಿನವರಿಗೂ ನಾದ ಮುಟ್ಟಿಸಲೆಂದೇ ಹುಟ್ಟಿದ್ದು. ಪಿಟೀಲಿಗರ ಹಂಬಲ ಎಷ್ಟು ಹಳೆಯದು ಎಂದು ನೆನೆದಾಗ ನನಗೆ ಈ ತಂತಿ, ಪ್ಲಗ್ಗುಗಳ ಜಂಜಾಟದ ಮೇಲೆ ಬೇಸರ ಬರುವುದಿಲ್ಲ.

ಆದರೂ ಒಂದು ಮಾತು ಮೊದಲೇ ಹೇಳಬೇಕು. ನೂರು, ನೂರೈವತ್ತು ಜನ ಕೂರುವ ಸಭಾಂಗಣದಲ್ಲಿ ಗಾಯನ, ಪಿಟೀಲು, ಮೃದಂಗ ಇಷ್ಟೇ ಇದ್ದರೆ ಒಳ್ಳೆಯ ಸ್ಟ್ಯಾಂಡ್ ಮೈಕ್ ಸಾಕು. ಶೂರ್ ಎಸ್‌ಎಂ57 ಎಂಬ ವಾದ್ಯಗಳ ಮೈಕ್ 1965ರಿಂದ ಮಾರುಕಟ್ಟೆಯಲ್ಲಿದೆ. ಬಿದ್ದರೂ ಏಳುತ್ತದೆ, ಯಾವ ಹಳೆಯ ಆಂಪ್ಲಿಫೈಯರಿಗೂ ಹೊಂದುತ್ತದೆ. ಅದನ್ನು ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಎದುರಿಗೆ ಸ್ವಲ್ಪ ಮೇಲಿನಿಂದ ಇಳಿಜಾರಾಗಿ ಹಿಡಿಸಿದರೆ ಪಿಟೀಲಿನ ಇಡೀ ದೇಹದ ನಾದ ಸಿಗುತ್ತದೆ. ಕೆಳಗಿನ ಆಯ್ಕೆಗಳನ್ನೆಲ್ಲ ಇದರ ಎದುರಿಗಿಟ್ಟೇ ತೂಗಿ ನೋಡಿ.

ಯಾವ ಅಳತೆಯಲ್ಲಿ ತೂಗುವುದು?

ಮೊದಲನೆಯದು ಕೂಗು. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೋಗಿ ಊಳಿಡುವುದನ್ನು ಧ್ವನಿಯವರು ಫೀಡ್‌ಬ್ಯಾಕ್ ಎನ್ನುತ್ತಾರೆ. ವೇದಿಕೆಯ ಮೇಲೆ ತೆರೆದ ಮೈಕುಗಳ ಸಂಖ್ಯೆ ಎರಡು ಪಟ್ಟಾದ ಹಾಗೆಲ್ಲ ಕೂಗದಂತೆ ಏರಿಸಬಹುದಾದ ಮಟ್ಟ ಸುಮಾರು 3 ಡೆಸಿಬೆಲ್ ಕುಗ್ಗುತ್ತದೆ. ಗಾಯಕರಿಗೊಂದು, ಮೃದಂಗಕ್ಕೆ ಎರಡು, ಘಟಕ್ಕೊಂದು, ಶ್ರುತಿ ಪೆಟ್ಟಿಗೆಗೊಂದು ಎಂದು ಇಟ್ಟಾಗಲೇ ಪಿಟೀಲಿನ ಪಾಲು ಕಡಿಮೆಯಾಗಿರುತ್ತದೆ. ಹಾಗಾಗಿ ಮೈಕ್ ಯಾವ ದಿಕ್ಕಿನಿಂದ ಕೇಳುತ್ತದೆ, ಯಾವ ದಿಕ್ಕಿಗೆ ಕಿವುಡಾಗಿರುತ್ತದೆ ಎಂಬುದು ಮುಖ್ಯ. ಕಾರ್ಡಿಯಾಯ್ಡ್ ಎಂಬ ಬಗೆಯದು ನೇರ ಹಿಂಬದಿಗೆ ಕಿವುಡು. ಸೂಪರ್‌ಕಾರ್ಡಿಯಾಯ್ಡ್ ಇನ್ನೂ ಕಿರಿದಾದ ದಿಕ್ಕಿನಿಂದ ಕೇಳುತ್ತದೆ, ಆದರೆ ಅದರ ಬೆನ್ನಿಗೆ ಸಣ್ಣದೊಂದು ಕಿವಿ ಇದೆ. ಅದು ನಿಜವಾಗಿ ಕಿವುಡಾಗುವುದು ಮುಂದಿನಿಂದ ಸುಮಾರು 125 ಡಿಗ್ರಿ ತಿರುಗಿದಾಗ. ಅಂದರೆ ಮೊದಲಿನದಕ್ಕೆ ಮಾನಿಟರ್ ಸ್ಪೀಕರನ್ನು (ನುಡಿಸುವವರಿಗೇ ಕೇಳಿಸಲು ಇಡುವ ಸ್ಪೀಕರ್) ಮೈಕಿನ ನೇರ ಬೆನ್ನ ಹಿಂದೆ, ಎರಡನೆಯದಕ್ಕೆ ಓರೆಯಾಗಿ ಹಿಂದೆ ಇಡಬೇಕು. ಎಲ್ಲ ದಿಕ್ಕಿನಿಂದಲೂ ಕೇಳುವ ಓಮ್ನಿ ಮೈಕು ವೇದಿಕೆಗೆ ಬಲು ಕಷ್ಟ.

ಕಛೇರಿಯಲ್ಲಿ ನಾವು ಕೂರುವ ರೀತಿ ಇಲ್ಲಿ ಅನುಕೂಲವೇ. ಗಾಯಕರ ಎಡಕ್ಕೆ ಕುಳಿತು, ಮೃದಂಗದವರಿಗೆ ಎದುರಾಗಿರುತ್ತೇವೆ. ಪಿಟೀಲಿನ ಮೇಲುಹಲಗೆಯನ್ನು ನೋಡುವಂತೆ ಹಿಡಿಸಿದ ಮೈಕಿನ ಮುಖ ನಮ್ಮ ಎದೆಯ ಕಡೆಗಿರುತ್ತದೆ, ಬೆನ್ನು ಮೃದಂಗದ ಕಡೆಗಿರುತ್ತದೆ. ಮುಂದೆ ನೆಲದ ಮೇಲಿಟ್ಟ ಮಾನಿಟರ್ ಕೂಡ ಬಹುಪಾಲು ಅದರ ಹಿಂಬದಿಗೇ ಬರುತ್ತದೆ. ನಿಂತು ನುಡಿಸುವವನಿಗೆ ಹೀಗಲ್ಲ. ಅವನ ಮೈಕಿನ ಬೆನ್ನು ಛಾವಣಿಯನ್ನು ನೋಡುತ್ತದೆ, ಕಾಲಬುಡದ ಮಾನಿಟರ್ ಕೆಳಗಿನಿಂದ ಬರುತ್ತದೆ.

ಎರಡನೆಯದು ನಾದ. ಪಿಟೀಲಿನ ಸದ್ದು ಒಂದೇ ಕಡೆಯಿಂದ ಹೊರಡುವುದಿಲ್ಲ. ಮಂದ್ರದ ತುಂಬುತನ ಬಹುಮಟ್ಟಿಗೆ ಎಫ್ ಆಕಾರದ ರಂಧ್ರಗಳಿಂದ ಉಸಿರಾಡುತ್ತದೆ, ಮೇಲಿನ ಹೊಳಪು ಹಲಗೆಯಿಂದ ಹಾರುತ್ತದೆ. ದೂರದ ಕಿವಿ ಎರಡನ್ನೂ ಕೂಡಿಸಿಕೊಳ್ಳುತ್ತದೆ. ಹತ್ತಿರದ ಮೈಕ್ ತಾನು ನೋಡುವ ತುಣುಕನ್ನು ಮಾತ್ರ ಕೇಳುತ್ತದೆ. ಇಲ್ಲಿ ನಮ್ಮ ಸಂಗೀತಕ್ಕೇ ಸೇರಿದ ಒಂದು ವಿಷಯವಿದೆ. ಸಾಮಾನ್ಯ ಪಿಟೀಲಿನೊಳಗಿನ ಗಾಳಿ ಸುಮಾರು 270ರಿಂದ 280 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಗಾಯಕರು ಒಂದೂವರೆ ಮನೆ ಶ್ರುತಿಯಲ್ಲಿ (ಹಾರ್ಮೋನಿಯಂ ಮನೆಗಳ ಲೆಕ್ಕ) ಹಾಡಿದರೆ ಮಧ್ಯ ಷಡ್ಜ ಸುಮಾರು 277 ಹರ್ಟ್ಸ್! ಮೈಕನ್ನು ಎಫ್ ರಂಧ್ರದ ಬಾಯಿಗೇ ಹಿಡಿಸಿದರೆ ಷಡ್ಜಕ್ಕೆ ಬಂದಾಗಲೆಲ್ಲ ನಾದ ಉಬ್ಬಿ, ಪಕ್ಕದ ರಿಷಭ ಬಡವಾಗಿ ಕೇಳುತ್ತದೆ. ಎಷ್ಟೋ ಜನ ಇದನ್ನು ಮೈಕಿನ ದೋಷವೆಂದು ತಿಳಿಯುತ್ತಾರೆ. ಮೈಕನ್ನು ರಂಧ್ರದಿಂದ ಎರಡು ಬೆರಳು ಆಚೆಗೆ, ಕುದುರೆಯತ್ತ ಸರಿಸಿ ನೋಡಿ. ಅದಾದ ಮೇಲೂ ಉಳಿದರೆ ಮಿಕ್ಸರಿನಲ್ಲಿ ಆ ಜಾಗವನ್ನು ಸ್ವಲ್ಪ ಇಳಿಸಲು ಹೇಳಿ.

ಮೂರನೆಯದು ಭಂಗಿ ಮತ್ತು ವಾದ್ಯದ ಕ್ಷೇಮ. ಎಡಗೈ ಗಮಕಕ್ಕಾಗಿ ಮೇಲಕ್ಕೂ ಕೆಳಕ್ಕೂ ಜಾರುವಾಗ ಬೆರಳುಗಳು ಮೊದಲ ತಂತಿಯ ಪಕ್ಕದಲ್ಲಿ ಓಡಾಡುತ್ತವೆ, ಕಮಾನಿನ ಹಿಡಿಯೂ ಅದೇ ಪಕ್ಕದಲ್ಲಿ ಬರುತ್ತದೆ. ಆದ್ದರಿಂದ ಕ್ಲಿಪ್ಪಿನ ಜಾಗ ಮಂದ್ರ ತಂತಿಯ ಬದಿ, ಗಲ್ಲದ ಪಟ್ಟಿಯ ಸಮೀಪ. ಅಲ್ಲಿಂದ ಬಾಗುವ ಕೊರಳು ಕುದುರೆಯ ಹಿಂಬದಿಯಿಂದ, ತಂತಿಗಳ ಬುಡ ಹಿಡಿದಿರುವ ಟೇಲ್‌ಪೀಸಿನ ಮೇಲಿಂದ ಹಾದು ಬರಬೇಕು. ಕಮಾನಿನ ದಾರಿಗಿಂತ ಕೆಳಗಿರಬೇಕು. ನಮ್ಮ ಪಿಟೀಲು ತಲೆ ಕೆಳಗಾಗಿ ಓರೆಯಾಗಿರುವುದರಿಂದ ಸಡಿಲವಾದ ಕೊರಳು ಒಂದು ಗಂಟೆಯಲ್ಲಿ ತಾನಾಗಿಯೇ ಕುದುರೆಯ ಕಡೆಗೆ ಬಾಗುತ್ತದೆ. ಅಂಗಡಿಯಲ್ಲಿ ಮೇಜಿನ ಮೇಲಿಟ್ಟು ನೋಡಿದರೆ ಇದು ತಿಳಿಯುವುದೇ ಇಲ್ಲ.

ನಾಲ್ಕನೆಯದು ವಿದ್ಯುತ್ತು. ಕಂಡೆನ್ಸರ್ ಎಂಬ ಬಗೆಯ ವೇದಿಕೆಯ ಮೈಕುಗಳಿಗೆ ಸಾಮಾನ್ಯವಾಗಿ ಮಿಕ್ಸರಿನಿಂದ 48 ವೋಲ್ಟಿನ ಫ್ಯಾಂಟಮ್ ಪವರ್ ಬರಬೇಕು. ವರ್ಷಗಳ ಹಿಂದೆ ಉಪನಗರದ ಒಂದು ದೇವಸ್ಥಾನದಲ್ಲಿ ಪುರಂದರದಾಸರ ಆರಾಧನೆಗೆ ನನ್ನ ಹೊಸ ಕ್ಲಿಪ್ ಮೈಕನ್ನು ಮೊದಲ ಬಾರಿಗೆ ಒಯ್ದಿದ್ದೆ. ಅಲ್ಲಿದ್ದ ಹಳೆಯ ಆಂಪ್ಲಿಫೈಯರಿನಲ್ಲಿ ಫ್ಯಾಂಟಮ್ ಇರಲಿಲ್ಲ. ಮೈಕು ಮೂಕವಾಗಿಯೇ ಉಳಿಯಿತು. ಎರಡು ದೇವರನಾಮ ಮುಗಿಯುವವರೆಗೂ ಮೊದಲ ಸಾಲಿನವರಿಗೆ ಮಾತ್ರ ಕೇಳುವಂತೆ ನುಡಿಸಿದೆ. ಆಮೇಲೆ ಯಾರೋ ಘೋಷಣೆಯ ಮೈಕನ್ನು ತಂದು ಮುಂದಿಟ್ಟರು. ಅಂದಿನಿಂದ ಕಾರ್ಯಕ್ರಮ ಒಪ್ಪಿಕೊಳ್ಳುವಾಗಲೇ ಕೇಳಿಬಿಡುತ್ತೇನೆ. ಇಲ್ಲಿನ ಧ್ವನಿಯವರೊಂದಿಗೆ ಮರಾಠಿಯಲ್ಲಿ ಒಂದು ವಾಕ್ಯ ಸಾಕು: “ಭಾವೂ, ಫ್ಯಾಂಟಮ್ ಚಾಲೂ ಆಹೆ ಕಾ?” ಗೋಡೆಯ ಕರೆಂಟಿನಿಂದ ನಡೆಯುವ, ಫ್ಯಾಂಟಮ್ ಒದಗಿಸುವ ಪುಟ್ಟ ಪೆಟ್ಟಿಗೆಯೂ ಸಿಗುತ್ತದೆ. ದೇವಸ್ಥಾನಗಳಲ್ಲಿ ಹೆಚ್ಚು ನುಡಿಸುವವರು ಅದನ್ನು ಮೈಕಿನ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು.

ಹಣ ಐದನೆಯದು. ಆಮದು ಸುಂಕ, ವಿನಿಮಯ ದರಗಳಿಂದ ಬೆಲೆ ಏರಿಳಿಯುತ್ತಿರುತ್ತದೆ. ಕೆಳಗೆ ಹೇಳಿರುವುದು ಅಂದಾಜು ಮಾತ್ರ.

ಅಗ್ಗದ ಕಾಲರ್ ಮೈಕ್

ಬೋಯಾ ಬಿವೈ-ಎಂ1 ಎಂಬ ಕಾಲರ್ ಮೈಕ್ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. 6 ಮೀಟರ್ ತಂತಿ, ಗುಂಡಿಯಂತಹ ಸಣ್ಣ ಬ್ಯಾಟರಿ, ಮೊಬೈಲಿಗೆ ನೇರ ಜೋಡಣೆ. ಪಾಠವನ್ನು ಧ್ವನಿಮುದ್ರಿಸಿ ಗುರುಗಳಿಗೆ ಕಳಿಸಲು, ಮನೆಯಲ್ಲಿ ವಿಡಿಯೋ ಮಾಡಲು ಇದು ಒಳ್ಳೆಯದೇ. ವೇದಿಕೆಗೆ ಬೇಡ. ಅದು ಓಮ್ನಿ, ಮಾನಿಟರನ್ನೂ ಮೃದಂಗವನ್ನೂ ಫ್ಯಾನನ್ನೂ ಸಮಾನವಾಗಿ ಕೇಳಿಸಿಕೊಳ್ಳುತ್ತದೆ. ಪಿಟೀಲಿನ ತಂತಿಗಳ ನಡುವೆ ಅದನ್ನು ಸಿಕ್ಕಿಸಿ, ಬಗೆಬಗೆಯ ಅಡಾಪ್ಟರ್ ಹಾಕಿ ಮಿಕ್ಸರಿಗೆ ಜೋಡಿಸುವವರನ್ನು ನೋಡಿದ್ದೇನೆ. ಅಡಾಪ್ಟರ್ ಕೊಂಡ ಹಣ, ಪಟ್ಟ ಪಾಡು ಎರಡೂ ವ್ಯರ್ಥ.

ಕಾಂಟ್ಯಾಕ್ಟ್ ಮೈಕ್

ನಮ್ಮ ಸಂಗೀತಗಾರರ ನಡುವೆ ಇದರಷ್ಟು ವಾದಕ್ಕೆ ಒಳಗಾದ ಉಪಕರಣ ಇನ್ನೊಂದಿಲ್ಲ. ಗಾಳಿಯಲ್ಲಿನ ಸದ್ದನ್ನು ಕೇಳದೆ ಮರದ ಕಂಪನವನ್ನೇ ಹಿಡಿಯುವುದರಿಂದ ಇದು ಬೇಗ ಕೂಗುವುದಿಲ್ಲ, ಪಕ್ಕದ ಘಟ ಇದರೊಳಗೆ ನುಗ್ಗುವುದಿಲ್ಲ. ಮಾಡಬೇಕಾದ ತ್ಯಾಗ ನಾದದ್ದು. ಕುದುರೆಗೆ ತನ್ನದೇ ಆದ ಅನುರಣನ ಸುಮಾರು 2ರಿಂದ 3 ಕಿಲೋಹರ್ಟ್ಸ್‌ಗಳ ನಡುವೆ ಇದೆ. ಕಾಂಟ್ಯಾಕ್ಟ್ ಮೈಕ್ ಅದನ್ನು ಧಾರಾಳವಾಗಿ ಹಿಡಿಯುತ್ತದೆ, ಪೆಟ್ಟಿಗೆಯೊಳಗಿನ ಗಾಳಿಯ ಬೆಚ್ಚನೆಯ ದನಿಯನ್ನು ಹೆಚ್ಚುಕಡಿಮೆ ಬಿಟ್ಟೇಬಿಡುತ್ತದೆ. ಮೂಗಿನಲ್ಲಿ ಹಾಡಿದಂತೆ, ಕಮಾನು ತಿರುಗುವ ಪ್ರತಿ ಸಲವೂ ಗೀರಿದಂತೆ ಕೇಳುವುದು ಇದರಿಂದಲೇ.

ಆದರೆ ಆ ಗೀರುದನಿಯಲ್ಲಿ ಅರ್ಧದಷ್ಟು ತಪ್ಪಿಗೆ ನಾವೇ ಹೊಣೆ. ಫಿಶ್‌ಮನ್ ವಿ-200 ಪಿಕಪ್ಪನ್ನೇ (ಇಂಥ ಕಾಂಟ್ಯಾಕ್ಟ್ ಮೈಕಿಗೆ ಪಿಕಪ್ ಎಂದೂ ಹೆಸರು) ತೆಗೆದುಕೊಳ್ಳಿ. ಅದರ ಪಿಯೆಜೊ ತುಣುಕು (ಕಂಪನವನ್ನು ವಿದ್ಯುತ್ತಾಗಿಸುವ ವಸ್ತು) ಕುದುರೆಯ ಪಕ್ಕದ ಸೀಳಿನಲ್ಲಿ ಕೂರುತ್ತದೆ, ಜಾಕ್ ವಾದ್ಯದ ಅಂಚಿಗೆ ಹಿಡಿದುಕೊಳ್ಳುತ್ತದೆ. ಪಿಯೆಜೊ ತುಣುಕಿಗೆ ಕನಿಷ್ಠ 1 ಮೆಗಾಓಮ್‌ನಷ್ಟು ಇನ್‌ಪುಟ್ ತಡೆ ಬೇಕು. ಮಿಕ್ಸರಿನ ಲೈನ್ ಇನ್‌ಪುಟ್ಟಿನಲ್ಲಿ ಸಾಮಾನ್ಯವಾಗಿ ಸಿಗುವುದು 10 ಕಿಲೋಓಮ್‌ನ ಆಸುಪಾಸು. ನೇರವಾಗಿ ಸಿಕ್ಕಿಸಿದರೆ ಮಂದ್ರವೆಲ್ಲ ಸೋರಿಹೋಗಿ ತಗಡಿನ ಸದ್ದು ಮಾತ್ರ ಉಳಿಯುತ್ತದೆ. ನಡುವೆ ಪಿಯೆಜೊಗೆ ತಕ್ಕ ಪ್ರೀಆಂಪ್ ಅಥವಾ ಒಳ್ಳೆಯ ಆಕ್ಟಿವ್ ಡಿಐ ಬಾಕ್ಸ್ (ಎರಡೂ ಪಿಕಪ್ಪನ್ನು ಮಿಕ್ಸರಿಗೆ ಹೊಂದಿಸುವ ಪುಟ್ಟ ಪೆಟ್ಟಿಗೆಗಳು) ಇಟ್ಟು, 2ರಿಂದ 4 ಕಿಲೋಹರ್ಟ್ಸ್‌ಗಳ ಭಾಗವನ್ನು ಇಳಿಸಿ ಕೇಳಿ. ಬೇರೆಯದೇ ವಾದ್ಯ ಎನಿಸುತ್ತದೆ. ಪಿಕಪ್ಪಿಗೆ ಹದಿನೈದರಿಂದ ಇಪ್ಪತ್ತು ಸಾವಿರ ಎಂದು ಲೆಕ್ಕ ಹಾಕಿದವರು ಡಿಐ ಬಾಕ್ಸಿಗೆ ಇನ್ನೂ ಕೆಲವು ಸಾವಿರ ತೆಗೆದಿಡಬೇಕು. ಹಣ ಕಡಿಮೆಯಾದರೆ ಅಗ್ಗದ ಪಿಕಪ್ ಕೊಳ್ಳಿ, ಡಿಐ ಬಾಕ್ಸನ್ನು ಮಾತ್ರ ಬಿಡಬೇಡಿ.

ಇನ್ನೊಂದು ಎಚ್ಚರಿಕೆ. ಕುದುರೆಯ ಸೀಳಿನ ಅಗಲ ಎಲ್ಲ ಪಿಟೀಲುಗಳಲ್ಲೂ ಒಂದೇ ಇರುವುದಿಲ್ಲ. ಬಿಗಿಯಾದರೆ ಒತ್ತಬೇಡಿ, ಕುದುರೆ ಸೀಳಿಕೊಳ್ಳುತ್ತದೆ. ವಾದ್ಯ ರಿಪೇರಿ ಮಾಡುವವರ ಬಳಿ ಒಯ್ದು ಹದವಾಗಿ ಕೂರಿಸಿಕೊಳ್ಳಿ.

ಎಕೆಜಿ ಸಿ411 ಬೇರೆ ಜಾತಿಯದು. ಇದೂ ಕಂಪನವನ್ನೇ ಹಿಡಿಯುತ್ತದೆ, ಆದರೆ ಪಿಯೆಜೊ ಅಲ್ಲ, ಕಂಡೆನ್ಸರ್. ಪುಟ್ಟ ತುಣುಕನ್ನು ಅಂಟಿನ ಉಂಡೆಯಿಂದ ವಾದ್ಯಕ್ಕೆ ಅಂಟಿಸಬೇಕು. ಸಿ411 ಪಿಪಿ ಎಂಬ ಮಾದರಿ ನೇರವಾಗಿ ಮಾಮೂಲಿ ಮೈಕಿನ ಎಕ್ಸ್‌ಎಲ್‌ಆರ್ ತಂತಿಗೆ, ಫ್ಯಾಂಟಮ್ಮಿಗೆ ಹೊಂದುತ್ತದೆ. ಡಿಐ ಬಾಕ್ಸ್ ಬೇಡ. ಅರ್ಧ ಸೆಂಟಿಮೀಟರ್ ಸರಿಸಿದರೂ ದನಿ ಬದಲಾಗುವುದರಿಂದ ಜಾಗ ಹುಡುಕಲು ಒಂದು ಮಧ್ಯಾಹ್ನ ಮೀಸಲಿಡಿ. ಆದರೆ ನಿಮ್ಮದು ಅಜ್ಜನ ಕಾಲದ ಪಿಟೀಲಾಗಿದ್ದು ಅದರ ವಾರ್ನಿಷ್ ಮೃದುವಾಗಿದ್ದರೆ ಅಂಟಿನ ಹತ್ತಿರ ಹೋಗಬೇಡಿ. ಮುಂಬಯಿಯ ಮಳೆಗಾಲದಲ್ಲಿ ಬೆವರು, ತೇವ, ರಾಳದ ಪುಡಿ ಇವುಗಳಿಂದ ಯಾವ ಅಂಟಿಗೂ ಹಿಡಿತ ಕಡಿಮೆಯಾಗುತ್ತದೆ. ಅಂಟಿಸುವ ಜಾಗವನ್ನು ಒಣಬಟ್ಟೆಯಿಂದ ಒರೆಸಲೇಬೇಕು.

ಮಧ್ಯಮ ಬೆಲೆಯ ಕ್ಲಿಪ್ ಮೈಕ್

ಇಲ್ಲಿಂದ ನಿಜವಾದ ಕ್ಲಿಪ್ ಮೈಕುಗಳು. ಗಾಳಿಯ ಸದ್ದನ್ನೇ ಕೇಳುವವು, ಬಾಗುವ ಕೊರಳಿರುವವು. ಆಡಿಯೋ-ಟೆಕ್ನಿಕಾ ಎಟಿಎಂ350ಎ ಮೂವತ್ತು ಸಾವಿರದ ಸುತ್ತಮುತ್ತ ವಿಚಾರಿಸಬಹುದಾದದ್ದು. ಕಾರ್ಡಿಯಾಯ್ಡ್ ಕಂಡೆನ್ಸರ್. ಇದರ ತಂತಿಯ ತುದಿಯ ಕೊಳವೆಯಂತಹ ವಿದ್ಯುತ್ ಭಾಗದ ಮೇಲೆ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಸ್ವಿಚ್ ಇದೆ. ನಮ್ಮ ಶ್ರುತಿಗಳಿಗೆ ಅದರಿಂದ ಹಾನಿಯಾದೀತೇ ಎಂದು ಬ್ಯಾಂಕಿನ ಗೆಳೆಯರು ಕೇಳಿದರು. ಇಲ್ಲ. ಒಂದು ಮನೆ ಶ್ರುತಿಗೆ ಇಳಿಸಿದಾಗ ಮಂದ್ರ ಷಡ್ಜದ ತಂತಿ ಸುಮಾರು 131 ಹರ್ಟ್ಸ್. ಗಾಯಕಿಯರ ಐದು ಮನೆಗೆ 196. ಎಂಬತ್ತರ ಕೆಳಗೆ ನಮ್ಮ ಸ್ವರ ಒಂದೂ ಇಲ್ಲ. ಅಲ್ಲಿರುವುದು ವೇದಿಕೆಯ ಹಲಗೆಯ ಗುದ್ದು, ಹೊರಗಿನ ಬಸ್ಸಿನ ಗುಡುಗು, ಯಾರೋ ತೊಡೆಯ ಮೇಲೆ ತಾಳ ಹಾಕಿದಾಗಿನ ನಡುಕ. ಸ್ವಿಚ್ಚನ್ನು ಯಾವಾಗಲೂ ಹಾಕಿಯೇ ಇಡಿ.

ಈ ಮೈಕು ಹಲವು ಬಗೆಯ ಹಿಡಿಕೆಗಳೊಂದಿಗೆ ಬರುತ್ತದೆ: ಡ್ರಮ್ಮಿಗೆ, ಪಿಯಾನೋಗೆ, ಊದುವ ವಾದ್ಯಗಳಿಗೆ. ಪಿಟೀಲಿಗೆ ಹೊಂದುವ ಹಿಡಿಕೆ ಪೆಟ್ಟಿಗೆಯೊಳಗೆ ಇದೆಯೇ ಎಂದು ತೆರೆದು ನೋಡಿಯೇ ಹಣ ಕೊಡಿ. ಇದೇ ಕಂಪನಿಯ ಪ್ರೊ 35 ಅಗ್ಗವೆಂದು ಅನೇಕರು ಕಣ್ಣು ಹಾಕುತ್ತಾರೆ. ಅದರ ಕ್ಲಿಪ್ಪು ಸ್ಯಾಕ್ಸೊಫೋನಿನ ಬಾಯಿ, ಡ್ರಮ್ಮಿನ ಅಂಚುಗಳನ್ನು ಕಚ್ಚಲು ಮಾಡಿದ್ದು. ಪಿಟೀಲಿನ ತೆಳು ಅಂಚನ್ನು ಅದಕ್ಕೆ ಒಪ್ಪಿಸಲು ನನಗೆ ಮನಸ್ಸಿಲ್ಲ.

ನಾದದ ಮಟ್ಟಿಗೆ ಹೇಳುವುದಾದರೆ, ಕಾಂಟ್ಯಾಕ್ಟ್ ಮೈಕಿನಿಂದ ಇದಕ್ಕೆ ಬಂದವರು ಮೊದಲ ಸಲ ತಮ್ಮ ಪಿಟೀಲನ್ನು ಸ್ಪೀಕರಿನಲ್ಲಿ ಗುರುತು ಹಿಡಿಯುತ್ತಾರೆ. ಕಮಾನಿನ ಉಸಿರು, ಅನುಸ್ವರದ ನುಣುಪು ಎಲ್ಲ ಬರುತ್ತದೆ. ಕೂಗಿನ ಅಪಾಯವೂ ಮರಳುತ್ತದೆ. ಹಿಂದೆ ಡ್ರಮ್ಸ್, ಮುಂದೆ ದೊಡ್ಡ ಮಾನಿಟರ್ ಇರುವ ಕಡೆ ಇದು ಕಾಂಟ್ಯಾಕ್ಟ್ ಮೈಕಿನಷ್ಟು ಎತ್ತರಕ್ಕೆ ಏರಲಾರದು.

ಡಿಪಿಎ 4099

ಬೆಲೆ ಅರ್ಧ ಲಕ್ಷದ ಮೇಲೆ. ಡೆನ್ಮಾರ್ಕಿನ ಈ ಮೈಕಿನ ಬಗ್ಗೆ ಹೊಗಳಿಕೆ ಎಲ್ಲೆಡೆ ಕೇಳುತ್ತದೆ, ಆ ಹೊಗಳಿಕೆಗೆ ಅದು ಯೋಗ್ಯವೂ ಹೌದು. ಸೂಪರ್‌ಕಾರ್ಡಿಯಾಯ್ಡ್, ಪಿಟೀಲಿಗೆಂದೇ ಮಾಡಿದ ಕ್ಲಿಪ್ಪು ವಾದ್ಯದ ಅಂಚುಗಳನ್ನು ಮೃದುವಾಗಿ ಹಿಡಿದುಕೊಳ್ಳುತ್ತದೆ. ಇದರ ಮುಖ್ಯ ಗುಣ ನನಗೆ ಕಂಡಂತೆ ಬೇರೆ: ಪಕ್ಕದಿಂದ ನುಗ್ಗುವ ಸದ್ದು ಕೂಡ ವಿಕಾರವಾಗದೆ, ಸಹಜವಾಗಿಯೇ ಕೇಳುತ್ತದೆ. ಘಟದ ಸದ್ದು ಪಿಟೀಲಿನ ಮೈಕಿಗೆ ಸೋರಿದರೂ ಅದು ಘಟದಂತೆಯೇ ಇರುತ್ತದೆ. ಅಗ್ಗದ ಮೈಕುಗಳಲ್ಲಿ ಸೋರಿಕೆ ಮಂಕಾಗಿ, ಇಡೀ ವೇದಿಕೆಯ ನಾದವನ್ನೇ ಕೆಸರು ಮಾಡುತ್ತದೆ.

ಇದು ಎರಡು ಬಗೆಯಲ್ಲಿ ಬರುತ್ತದೆ. ಇನ್ನೂ ಜೋರು ಸದ್ದು ತಡೆಯುವ ಬಗೆ ಡ್ರಮ್ಸ್ ಮತ್ತು ತುತ್ತೂರಿಗಳಿಗೆ. ಪಿಟೀಲಿಗೆ ಸಾಮಾನ್ಯ ಬಗೆ ಸಾಕು, ಹೆಚ್ಚಿನದಕ್ಕೆ ಮಾರುಹೋಗಬೇಡಿ. ಇದರ ತಂತಿಯ ತುದಿಯಲ್ಲಿ ಮೈಕ್ರೋಡಾಟ್ ಎಂಬ ಪುಟ್ಟ ಕನೆಕ್ಟರ್ ಇರುತ್ತದೆ. ಅದನ್ನು ಎಕ್ಸ್‌ಎಲ್‌ಆರ್‌ಗೆ ಒಂದು ಅಡಾಪ್ಟರ್, ವೈರ್‌ಲೆಸ್ ಪ್ಯಾಕಿಗೆ ಇನ್ನೊಂದು ಅಡಾಪ್ಟರ್ ಮೂಲಕ ಜೋಡಿಸಬಹುದು. ನಾಳೆ ವೈರ್‌ಲೆಸ್ ಬೇಕೆನಿಸಿದರೆ ಹೊಸ ಮೈಕ್ ಬೇಡ ಎಂಬುದು ದೊಡ್ಡ ಅನುಕೂಲ. ಅನನುಕೂಲವೆಂದರೆ ತಂತಿ ನವಿರು, ಕನೆಕ್ಟರ್ ಇನ್ನೂ ನವಿರು. ಸಾಮಾನ್ಯ ಎಕ್ಸ್‌ಎಲ್‌ಆರ್ ತಂತಿ ಕಿತ್ತರೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬೆಸುಗೆ ಹಾಕಿಸಿಕೊಂಡು ಅದೇ ಸಂಜೆ ನುಡಿಸಬಹುದು; ಇದಕ್ಕೆ ಹಾಗಲ್ಲ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಪಿಟೀಲಿನ ಪೆಟ್ಟಿಗೆಯ ಹೊರಜೇಬಿನಲ್ಲಿ ಇದನ್ನು ಇಟ್ಟುಕೊಂಡು ಹೋಗಬೇಡಿ, ಗಟ್ಟಿ ಡಬ್ಬಿಯಲ್ಲಿ ಹಾಕಿ ಒಳಗಿಡಿ.

ಷಣ್ಮುಖಾನಂದದಂತಹ, 2,700ಕ್ಕೂ ಹೆಚ್ಚು ಆಸನಗಳ ಸಭಾಂಗಣದಲ್ಲಿ, ಬಲ್ಲವರು ಮಿಕ್ಸರ್ ಮುಂದೆ ಕುಳಿತಿರುವಾಗ, ಈ ಮೈಕಿಗೆ ಕೊಟ್ಟ ಪ್ರತಿ ರೂಪಾಯಿಯೂ ಕೇಳಿಸುತ್ತದೆ. ಬಡಾವಣೆಯ ಮಂಟಪದಲ್ಲಿ ಎರಡು ಉದ್ದ ಸ್ಪೀಕರುಗಳ ಮೂಲಕ ಅದೇ ಮೈಕನ್ನು ಕೇಳಿದರೆ ಮೂವತ್ತು ಸಾವಿರದ್ದಕ್ಕೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ವರ್ಷಕ್ಕೆ ಎಷ್ಟು ಕಾರ್ಯಕ್ರಮ ಮೊದಲ ಬಗೆಯವು, ಎಷ್ಟು ಎರಡನೆಯ ಬಗೆಯವು ಎಂದು ಎಣಿಸಿ ನೋಡಿ.

ವೈರ್‌ಲೆಸ್ ಬಗ್ಗೆ ಎರಡೇ ಮಾತು. ಕುಳಿತು ನುಡಿಸುವವರಿಗೆ ಅದರ ಅಗತ್ಯವಿಲ್ಲ. ಬ್ಯಾಟರಿಯ ಚಿಂತೆ ಮಾತ್ರ ಹೆಚ್ಚು. ನಿಂತು, ನಡೆದು ನುಡಿಸುವವರು ಕೊಳ್ಳುವುದಾದರೆ 2.4 ಗಿಗಾಹರ್ಟ್ಸ್‌ನ ಅಗ್ಗದ ಸೆಟ್ಟುಗಳು ವೈಫೈ ಇರುವ ಅದೇ ತರಂಗಗಳಲ್ಲಿ ಓಡುತ್ತವೆ ಎಂಬುದು ನೆನಪಿರಲಿ. ಮುನ್ನೂರು ಅತಿಥಿಗಳ ಮೊಬೈಲುಗಳು ಬಂದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಯಾರಿಗೆ ಯಾವುದು?

ಡೊಂಬಿವಲಿಯ ಹುಡುಗಿಗೆ ನಾನು ಈ ವರ್ಷ ಕ್ಲಿಪ್ ಮೈಕ್ ಬೇಡ ಎಂದೆ. ಭಜನಾ ಮಂಡಳಿಯ ಆಂಪ್ಲಿಫೈಯರಿನಲ್ಲಿ ಫ್ಯಾಂಟಮ್ ಇಲ್ಲ, ಅವಳ ಪಿಟೀಲಿನ ತಂತಿಗಳನ್ನೇ ಬದಲಿಸಿ ಎರಡು ವರ್ಷವಾಗಿದೆ. ಹೊಸ ತಂತಿ, ಹೊಸ ರಾಳ, ಒಂದು ಗಿಡ್ಡ ಸ್ಟ್ಯಾಂಡ್ ಮತ್ತು ಒಂದು ವಾದ್ಯದ ಡೈನಮಿಕ್ ಮೈಕ್. ಹಣ ಉಳಿಯುತ್ತದೆ, ಆ ಮೈಕು ಇಪ್ಪತ್ತು ವರ್ಷ ಬಾಳುತ್ತದೆ. ಮುಂದೆ ಕಛೇರಿಗೆ ಕೂರುವಾಗ ಮತ್ತೆ ಯೋಚಿಸಬಹುದು. ಅವಳ ತಾಯಿ “ಒಂದೇ ಸಲಕ್ಕೆ ಒಳ್ಳೆಯದನ್ನು ಕೊಡಿಸೋಣ ಅಂತಿದ್ದೆವಲ್ಲ, ಟೀಚರ್” ಎಂದು ಸ್ವಲ್ಪ ನೊಂದುಕೊಂಡರು. ಒಳ್ಳೆಯದೆಂದರೆ ಈ ಮಗುವಿಗೆ ಈಗ ಇದೇ ಎಂದು ನಾನು ನಂಬಿಯೇ ಹೇಳಿದೆ.

ಥಾಣೆಯ ಯುವಕನಿಗೆ ಅನುಮಾನವೇ ಇಲ್ಲದೆ ಕಾಂಟ್ಯಾಕ್ಟ್ ಪಿಕಪ್ ಮತ್ತು ಪ್ರೀಆಂಪ್. ಡ್ರಮ್ಸ್ ಪಕ್ಕದಲ್ಲಿ ನಿಂತವನಿಗೆ ಗಾಳಿಯ ಮೈಕ್ ನೆಮ್ಮದಿ ಕೊಡದು. ಅವನ ಕೇಳುಗರಿಗೆ ಬೇಕಾದದ್ದು ಪಲ್ಲವಿಯ ರಾಗ ಸ್ಪಷ್ಟವಾಗಿ ಮೇಲೆದ್ದು ಬರುವುದು. ಕರ್ಕಶವನ್ನು ಪ್ರೀಆಂಪಿನಲ್ಲಿ ಇಳಿಸಿ, ಸ್ವಲ್ಪ ರಿವರ್ಬ್ (ಕೃತಕ ಅನುರಣನ) ಬೆರೆಸಿದರೆ ಸಾಕು.

ಬ್ಯಾಂಕಿನ ಗೆಳೆಯರದೇ ಕಷ್ಟದ ಲೆಕ್ಕವಾಗಿತ್ತು. ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಚೆಂಬೂರಿನ ಸಭೆ, ಜೊತೆಗೆ ದೇವಸ್ಥಾನಗಳು. ಎಲ್ಲ ಬಗೆಯ ವೇದಿಕೆಗಳೂ ಅವರ ಪಾಲಿಗೆ ಬರುತ್ತವೆ. ಅರ್ಧ ಲಕ್ಷ ಅವರ ಬಳಿ ಇತ್ತು. ನಾನು ಅದನ್ನು ಎರಡಾಗಿ ಒಡೆಯಲು ಹೇಳಿದೆ: ಮೂವತ್ತರ ಆಸುಪಾಸಿನ ಕಾರ್ಡಿಯಾಯ್ಡ್ ಕ್ಲಿಪ್ ಮೈಕ್, ಉಳಿದದ್ದರಲ್ಲಿ ಫ್ಯಾಂಟಮ್ ಪೆಟ್ಟಿಗೆ, ಒಂದು ಸಾಧಾರಣ ಕಾಂಟ್ಯಾಕ್ಟ್ ಪಿಕಪ್, ಡಿಐ ಬಾಕ್ಸ್. ಕ್ಲಿಪ್ ಮೈಕ್ ಕೂಗುವ ಕಡೆ ಎರಡನ್ನೂ ಬೆರೆಸಬಹುದು. ಸಭಿಕರಿಗೆ ಹೆಚ್ಚಾಗಿ ಕ್ಲಿಪ್ ಮೈಕಿನ ನಾದ, ತಮ್ಮ ಮಾನಿಟರಿಗೆ ಪಿಕಪ್ ಮಾತ್ರ. ಮಾನಿಟರಿನಲ್ಲಿ ಗಾಳಿಯ ಮೈಕ್ ಇಲ್ಲದಿದ್ದರೆ ಕೂಗಿನ ಅರ್ಧ ಕಾರಣವೇ ಹೋಯಿತು. ತಿಂಗಳಿಗೆ ಐದಾರು ದೊಡ್ಡ ಸಭಾಂಗಣಗಳಲ್ಲಿ ನುಡಿಸುವವರಾಗಿದ್ದರೆ, ಅಥವಾ ಅಲ್ಲೇ ಧ್ವನಿಮುದ್ರಣವೂ ಆಗುತ್ತಿದ್ದರೆ, ಡಿಪಿಎ ಕೊಳ್ಳಿ ಎನ್ನುತ್ತಿದ್ದೆ.

ಕೊಳ್ಳುವ ದಿನ ನಿಮ್ಮ ಪಿಟೀಲನ್ನೇ ಒಯ್ಯಿರಿ. ಧೋಬಿ ತಲಾವ್ ಕಡೆಯ ವಾದ್ಯದಂಗಡಿಗಳಲ್ಲಿ ಕೇಳಿಕೊಂಡರೆ ಜೋಡಿಸಿ ನೋಡಲು ಬಿಡುತ್ತಾರೆ. ಜನ ಕಡಿಮೆ ಇರುವ ಮಧ್ಯಾಹ್ನ ಹೋಗಿ. ನೆಲದ ಮೇಲೆ ಕೂರಲು ಸಂಕೋಚಪಡಬೇಡಿ. ನೀವು ಹೆಚ್ಚು ನುಡಿಸುವ ಶ್ರುತಿಗೆ ಇಳಿಸಿಕೊಂಡು ಮೊದಲು ಮಂದ್ರ ಷಡ್ಜದಿಂದ ತಾರ ಪಂಚಮದವರೆಗೆ ನಿಧಾನವಾಗಿ ಒಂದೊಂದೇ ಸ್ವರ. ಯಾವುದು ಉಬ್ಬುತ್ತದೆ, ಯಾವುದು ಮುಳುಗುತ್ತದೆ ಎಂದು ಕೇಳಿ. ಆಮೇಲೆ ತೋಡಿ ರಾಗದಲ್ಲಿ ಎರಡು ನಿಮಿಷ, ಎಡಗೈ ತಂತಿಯುದ್ದಕ್ಕೂ ಜಾರುವಂತೆ. ಬೆರಳು ಕ್ಲಿಪ್ಪಿಗೆ ತಗುಲಿತೇ? ಕಡೆಗೆ ಕಮಾನಿನ ತುದಿಯಿಂದ ಹಿಡಿಯವರೆಗೆ ಪೂರ್ಣ ಎಳೆತ, ನಾಲ್ಕೂ ತಂತಿಗಳ ಮೇಲೆ. ಮೈಕಿನ ತಂತಿ ನಿಮ್ಮ ಜುಬ್ಬಾ ಅಥವಾ ಸೀರೆಯ ಸೆರಗಿಗೆ ಉಜ್ಜುವ ಸದ್ದು ಸ್ಪೀಕರಿನಲ್ಲಿ ಬಂದರೆ ಅದನ್ನು ಟೇಲ್‌ಪೀಸಿನ ಬುಡದಲ್ಲಿ ಒಂದು ಸುತ್ತು ಸಡಿಲವಾಗಿ ಕಟ್ಟಿ ಮತ್ತೆ ಕೇಳಿ.

ಮನೆಗೆ ತಂದ ಮೇಲೆ ಪ್ರತಿ ಕಾರ್ಯಕ್ರಮ ಮುಗಿದ ಕೂಡಲೇ ಕ್ಲಿಪ್ ಬಿಚ್ಚಿ, ರಾತ್ರಿಯಿಡೀ ವಾದ್ಯಕ್ಕೆ ಕಚ್ಚಿಸಿ ಬಿಡಬೇಡಿ. ಅದರ ರಬ್ಬರು ವಾರ್ನಿಷ್ ಮೇಲೆ ಗುರುತು ಬಿಡಬಹುದು. ಬಿಚ್ಚುವ ಮುನ್ನ ಮಿಕ್ಸರಿನಲ್ಲಿ ಆ ಚಾನೆಲ್ಲನ್ನು ಮುಚ್ಚಿಸಿ, ಇಲ್ಲವಾದರೆ ಸ್ಪೀಕರಿನಲ್ಲಿ ಸಿಡಿಲಿನಂತಹ ಸದ್ದು. ಮೈಕಿನ ಜಾಲರಿಯ ಮೇಲೆ ಕೂತ ರಾಳದ ಪುಡಿಯನ್ನು ಒಣ ಕುಂಚದಿಂದ ತೆಗೆದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿಯಲ್ಲಿ ಒಂದು ಸಿಲಿಕಾ ಪೊಟ್ಟಣ ಹಾಕಿಡಿ.